ಸಂದರ್ಶನಕ್ಕೊಂದು ಖೋಲಿ

ನೌಕರಿಯ ಸಂದರ್ಶನವೆಂದರೆ ಮೊನ್ನೆ ಮೊನ್ನೆಯವರೆಗೂ ಪ್ರಯಾಣವೇ ಆಗಿತ್ತು. ಕುಷ್ಟಗಿಯ ಬಿ.ಕಾಂ. ಪದವೀಧರನೊಬ್ಬನನ್ನು ಬೆಂಗಳೂರಿನ ಕಂಪನಿ ಬಾ ಎಂದು ಕರೆದರೆ ರಾತ್ರಿ ಬಸ್ಸಿನ ಸೀಟು, ಬೆಳಿಗ್ಗೆ ಸ್ನಾನಕ್ಕೆ ಊರಿನವರ ಯಾರದಾದರೂ ರೂಮು, ಇಸ್ತ್ರಿ ಮಾಡಿದ ಅಂಗಿ ಮುದುಡದಂತೆ ಒಯ್ಯುವ ಉಪಾಯ, ಇವೇ ಅವನ ತಯಾರಿ. ಅಲ್ಲಿಗೆ ಮುಟ್ಟಿದ ಮೇಲೆ ಮಾತ್ರ ಕೆಲವು ಸೌಕರ್ಯ ಕೇಳದೆಯೇ ಸಿಗುತ್ತಿದ್ದವು: ಕೂರಲು ಕುರ್ಚಿ, ಮುಖದ ಮೇಲೆ ಬೀಳುವಷ್ಟು ಬೆಳಕು, ಮುಚ್ಚುವ ಬಾಗಿಲು, ಆ ಬಾಗಿಲಿನಾಚೆಯೇ ಉಳಿದುಬಿಡುವ ಗದ್ದಲ. ಇವುಗಳ ಖರ್ಚು ಕಂಪನಿಯದು, ಆದ್ದರಿಂದ ಯಾರೂ ಅವನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 2020ರ ಲಾಕ್‌ಡೌನ್ ಈ ವ್ಯವಹಾರವನ್ನು ತಿರುವುಮುರುವು ಮಾಡಿತು. ಬಸ್ಸಿನ ಖರ್ಚು ಉಳಿಯಿತು, ಖೋಲಿಯ ಹೊಣೆ ಅಭ್ಯರ್ಥಿಯ ತಲೆಗೆ ಬಂತು. (ದಶಕಗಳ ಕಾಲ ರೈಲಿಗಾಗಿ ಕಾದ ಕುಷ್ಟಗಿಗೆ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ರೈಲು ಬಂತು. ಅಷ್ಟು ಹೊತ್ತಿಗೆ ಸಂದರ್ಶನವೇ ರೈಲು ಬಿಟ್ಟಿಳಿದು ಮೊಬೈಲಿನೊಳಗೆ ಕೂತಿತ್ತು.) ನನ್ನ ವಾದ ಇಷ್ಟೇ: ವಿಡಿಯೊ ಸಂದರ್ಶನಕ್ಕೆ ತಯಾರಾಗುವುದೆಂದರೆ ಮೊದಲು ಒಂದು ಖೋಲಿಯನ್ನು ತಯಾರು ಮಾಡುವುದು. ಆ ಖೋಲಿಯಲ್ಲಿ ಮುಖ್ಯವಾದದ್ದು ಕಣ್ಣಿಗೆ ಕಾಣುವುದಲ್ಲ, ಕಿವಿಗೆ ಕೇಳುವುದು. ಮತ್ತು ಕೊಪ್ಪಳ ಜಿಲ್ಲೆಯಂಥ ಕಡೆ ಅಂಥ ಖೋಲಿ ಒಬ್ಬ ಹುಡುಗನ, ಒಬ್ಬ ಹುಡುಗಿಯ ಸ್ವಂತ ಶಕ್ತಿಯಿಂದ ಆಗುವ ಮಾತಲ್ಲ.

ನಮ್ಮವರು ಸಾಮಾನ್ಯವಾಗಿ ಯಾವುದರ ತಯಾರಿ ಮಾಡುತ್ತಾರೆ ನೋಡಿ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಗೆ ಯೂಟ್ಯೂಬಿನಿಂದ ಇಳಿಸಿಕೊಂಡ ಇಂಗ್ಲಿಷ್ ಉತ್ತರ ಬಾಯಿಪಾಠವಾಗುತ್ತದೆ. ಸೊಂಟದ ಮೇಲೆ ಬಿಳಿ ಅಂಗಿ, ಟೈ. ಕೆಳಗೆ ಲುಂಗಿ ಇದ್ದರೂ ನಡೆಯುತ್ತದೆ. ಬೆನ್ನ ಹಿಂದಿನ ಗೋಡೆ ಕಾಣಬಾರದೆಂದು ಪುಸ್ತಕದ ಕಪಾಟಿನ ಕೃತಕ ಚಿತ್ರ ಹಾಕಿಕೊಳ್ಳುತ್ತಾರೆ. ತಲೆ ಅಲ್ಲಾಡಿಸಿದಾಗೆಲ್ಲ ಅರ್ಧ ಕಿವಿ ಕಪಾಟಿನೊಳಗೆ ಮಾಯವಾಗುತ್ತದೆ. ಇಷ್ಟೆಲ್ಲ ಆದಮೇಲೆ ಮಾತಾಡುವುದು ಮಾತ್ರ ಮಾರು ದೂರದಲ್ಲಿ ಡಬ್ಬಿಗೆ ಆನಿಸಿಟ್ಟ ಮೊಬೈಲಿನ ಕಡೆಗೆ, ಮೇಲೆ ಫ್ಯಾನು ಗಿರಗಿರ ತಿರುಗುತ್ತಿರುವಾಗ. ಆ ಕಡೆಯವನಿಗೆ ಕಾಣುವುದು ಟೈ, ಕೇಳುವುದು ಬಾವಿಯೊಳಗಿನ ದನಿ. ಇದರ ಪರಿಣಾಮ ಏನೆಂಬುದು ಊಹೆಯ ವಿಷಯವಾಗಿ ಉಳಿದಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಯಾನ್ ಶಾಲ್ ಮತ್ತು ಅವರ ಜೊತೆಗಾರರು 2025ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಅದೇ ಮಾತುಗಳನ್ನು ಒಮ್ಮೆ ಒಳ್ಳೆಯ ಮೈಕಿನಲ್ಲಿ ಹೇಳಿದಂತೆ, ಇನ್ನೊಮ್ಮೆ ಅಗ್ಗದ ಮೈಕಿನ ತಗಡು ದನಿಯಂತೆ ಕೇಳಿಸಿದರು. ಮಾತು ಎರಡರಲ್ಲೂ ಸ್ಪಷ್ಟವಾಗಿ ಅರ್ಥವಾಗುತ್ತಿತ್ತು. ಆದರೂ ತಗಡು ದನಿಯವನನ್ನು ಕೇಳುಗರು ಕಡಿಮೆ ಬುದ್ಧಿವಂತ, ಕಡಿಮೆ ನಂಬಿಕಸ್ತ, ಕೆಲಸಕ್ಕೆ ಅಷ್ಟಾಗಿ ಯೋಗ್ಯನಲ್ಲದವನು ಎಂದು ತೂಗಿದರು. 2018ರಲ್ಲಿ ನ್ಯೂಮನ್ ಮತ್ತು ಶ್ವಾರ್ಜ್ ಎಂಬ ಇಬ್ಬರು ಸಂಶೋಧಕರು ವಿಜ್ಞಾನಿಗಳ ಭಾಷಣಗಳನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ್ದರು. ಧ್ವನಿಮುದ್ರಣ ಕೆಟ್ಟರೆ ವಿಜ್ಞಾನಿಯೂ ಪೆದ್ದನಂತೆ ಕಂಡ, ಅವನ ಸಂಶೋಧನೆಯೂ ಹಗುರವಾಗಿ ಕಂಡಿತು. ವಿಜ್ಞಾನಿಯ ಗತಿಯೇ ಹೀಗಾದರೆ ಯಲಬುರ್ಗಾದ ಹೊಸ ಪದವೀಧರೆಯ ಗತಿ ಏನು?

ದನಿಯ ಗುಣವೊಂದೇ ಅಲ್ಲ, ದನಿ ಮುಟ್ಟುವ ಹೊತ್ತೂ ಮುಖ್ಯ. ಎದುರುಬದುರು ಕೂತು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಬಿಡುವು ಸರಾಸರಿ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು. ಹತ್ತು ಭಾಷೆಗಳಲ್ಲಿ ಇದನ್ನು ಅಳೆದು 2009ರಲ್ಲಿ ಪ್ರಕಟಿಸಿದ್ದಾರೆ. ಕನ್ನಡ ಅದರಲ್ಲಿರಲಿಲ್ಲ, ಇಟಾಲಿಯನ್, ಜಪಾನಿ, ಲಾವೊ ಇದ್ದವು, ಭಾಷೆ ಭಾಷೆಗೂ ಇದ್ದ ವ್ಯತ್ಯಾಸ ತೀರ ಸಣ್ಣದು. ಇಂಟರ್ನೆಟ್ಟಿನ ದಾರಿಯಲ್ಲಿ ಈ ಬಿಡುವು ಸಹಜವಾಗಿ ಹಿಗ್ಗುತ್ತದೆ. ಜರ್ಮನಿಯಲ್ಲಿ 2014ರಲ್ಲಿ ನಡೆದ ಅಧ್ಯಯನವೊಂದರಲ್ಲಿ ತಡ 1.2 ಸೆಕೆಂಡಿಗೆ ಏರಿದಾಗ ಜನ ತಡವನ್ನು ದೂರಲಿಲ್ಲ, ಆ ಕಡೆಯ ಮನುಷ್ಯನನ್ನು ದೂರಿದರು: ಇವನಿಗೆ ಗಮನವಿಲ್ಲ, ಆಸಕ್ತಿಯಿಲ್ಲ ಎಂದು. ಇಲ್ಲಿ ನಮ್ಮ ಕಡೆಯವರಿಗೆ ಇನ್ನೂ ಒಂದು ತೊಡಕಿದೆ. ಹಿರಿಯರು ಮಾತಾಡುವಾಗ ‘ಹೌದ್ರಿ, ಹ್ಞೂಂರಿ’ ಎಂದು ಹೂಂಗುಟ್ಟುತ್ತಿರುವುದು ಕೊಪ್ಪಳ, ರಾಯಚೂರು ಸೀಮೆಯ ಮರ್ಯಾದೆ. ಸುಮ್ಮನೆ ಕೂತರೆ ಸೊಕ್ಕು ಎಂದಾರು. ವಿಡಿಯೊ ಕರೆಯ ತಂತ್ರಾಂಶಕ್ಕೆ ಈ ಮರ್ಯಾದೆ ತಿಳಿಯದು. ಅದು ಈ ‘ಹೌದ್ರಿ’ಯನ್ನು ಹೊಸ ಮಾತಿನ ಆರಂಭವೆಂದು ತಿಳಿದು ಎಷ್ಟೋ ಸಲ ಆ ಕಡೆಯ ದನಿಯನ್ನು ತಗ್ಗಿಸಿಬಿಡುತ್ತದೆ. ಜೊತೆಗೆ ‘ಹೌದ್ರಿ’ ಅರ್ಧ ಸೆಕೆಂಡು ತಡವಾಗಿ ಮುಟ್ಟಿ, ಮುಂದಿನ ವಾಕ್ಯದ ನಟ್ಟನಡುವೆ ಬೀಳುತ್ತದೆ. ವಿನಯಕ್ಕೆಂದು ಆಡಿದ್ದು ಅಡ್ಡಬಾಯಿ ಹಾಕಿದಂತೆ ಆಗುತ್ತದೆ. ಆದ್ದರಿಂದ ಮನೆಯಲ್ಲಿ ಅಭ್ಯಾಸ ಮಾಡುವುದಿದ್ದರೆ ಇಂಗ್ಲಿಷ್ ಉತ್ತರಕ್ಕಿಂತ ಮೊದಲು ಇದನ್ನು ಮಾಡಬೇಕು: ಬಾಯಿ ಮುಚ್ಚಿ ತಲೆಯಾಡಿಸುವುದು, ಅವರ ಮಾತು ಮುಗಿದ ಮೇಲೆ ಒಂದು ಉಸಿರು ತೆಗೆದುಕೊಂಡು ಶುರುಮಾಡುವುದು. ಕೇಳಲು ಸಣ್ಣದು. ಹುಟ್ಟಿದಾಗಿನಿಂದ ಹೂಂಗುಟ್ಟಿದವರಿಗೆ ಮಾತ್ರ ಕಷ್ಟ.

ಈಗ ಖೋಲಿಗೆ ಬರೋಣ. ಯಲಬುರ್ಗಾ, ಕುಷ್ಟಗಿ ಕಡೆಯ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಮಾಳಿಗೆ ಮನೆಗಳ ಒಳಗೆ ಒಮ್ಮೆ ಚಪ್ಪಾಳೆ ತಟ್ಟಿ ನೋಡಬೇಕು. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ, ಕಟ್ಟಿಗೆಯ ಜಂತಿಯ ಮೇಲೆ ಮಣ್ಣಿನ ಮಾಳಿಗೆ, ಮೂಲೆಯಲ್ಲಿ ಜೋಳದ ಚೀಲದ ಸಾಲು, ಗೂಟಕ್ಕೆ ಬಟ್ಟೆ, ಮಡಿಚಿಟ್ಟ ಕೌದಿಗಳು. ಚಪ್ಪಾಳೆಯ ಸದ್ದು ಅಲ್ಲೇ ಇಂಗಿಹೋಗುತ್ತದೆ. ಅದೇ ಊರಿನ ಹೊಸ ಆರ್‌ಸಿಸಿ ಮನೆಯಲ್ಲಿ, ಟೈಲ್ಸ್ ನೆಲ, ಬೋಳು ಗೋಡೆಯ ನಡುವೆ ತಟ್ಟಿದ ಚಪ್ಪಾಳೆ ನಾಲ್ಕು ಸಲ ತಿರುಗಿ ಬರುತ್ತದೆ. ಸಂದರ್ಶನಕ್ಕೆಂದು ನಮ್ಮವರು ಆರಿಸಿಕೊಳ್ಳುವುದು ಈ ಎರಡನೆಯದನ್ನೇ, ಏಕೆಂದರೆ ಬಣ್ಣ ಹೊಡೆದದ್ದು ಅಲ್ಲಿದೆ. ಮಾಳಿಗೆ ಮನೆಯೇ ವಾಸಿ. ಆರ್‌ಸಿಸಿಯೇ ಗತಿ ಎಂದಾದರೆ ಕ್ಯಾಮೆರಾದ ಹಿಂದಿನ, ಅಂದರೆ ಮಾತಾಡುವವರ ಎದುರಿನ ಗೋಡೆಗೆ ಎರಡು ಕೌದಿ ತೂಗುಹಾಕಿದರೆ, ಕಾಲ ಕೆಳಗೆ ಒಂದು ಜಮಖಾನೆ ಹಾಸಿದರೆ ಅರ್ಧ ಪ್ರತಿಧ್ವನಿ ಸಾಯುತ್ತದೆ. ಅಜ್ಜಿ ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಹೊಲಿದ ಕೌದಿ ಧ್ವನಿಮುದ್ರಣದ ಕೋಣೆಗೆ ಕಟ್ಟುವ ದುಬಾರಿ ಸ್ಪಂಜಿನ ಕೆಲಸವನ್ನು ಬಹುಪಾಲು ಮಾಡುತ್ತದೆ. ಅದು ಕ್ಯಾಮೆರಾಕ್ಕೆ ಕಾಣುವುದೂ ಇಲ್ಲ. ಆಮೇಲೆ ವೈರಿನ ಇಯರ್‌ಫೋನು, ಕೆಲವು ನೂರು ರೂಪಾಯಿಯದು. ಅದರ ಮೈಕು ಬಾಯಿಗೆ ಒಂದು ಗೇಣಿನೊಳಗೆ ಇರಬೇಕು, ಅಂಗಿಯ ಗುಂಡಿಗೆ ತಿಕ್ಕಬಾರದು. ಬೆಳಕು ಮುಂದಿನಿಂದ ಬರಬೇಕು; ಕಿಟಕಿಗೆ ಬೆನ್ನು ಹಾಕಿ ಕೂರಬಾರದು. ಚಿತ್ರದ ಬಗ್ಗೆ ಹೇಳಬೇಕಾದದ್ದು ಇಷ್ಟೇ.

ಮಾಳಿಗೆ ಮನೆಗೆ ಒಂದು ದೋಷವಿದೆ. ಸದ್ದನ್ನು ತಡೆಯುವ ಗೋಡೆ ಮೊಬೈಲಿನ ಸಿಗ್ನಲ್ಲನ್ನೂ ತಡೆಯುತ್ತದೆ. ಉಪಾಯವಿಲ್ಲದಿಲ್ಲ: ಒಂದು ಮೊಬೈಲನ್ನು ಬೆಳಕಿಂಡಿಯ ಹತ್ತಿರವೋ ಬಾಗಿಲಲ್ಲೋ ಹಾಟ್‌ಸ್ಪಾಟ್ ಮಾಡಿಟ್ಟು, ಒಳಗೆ ಇನ್ನೊಂದರಲ್ಲಿ ಮಾತಾಡುವುದು. ಇಬ್ಬರೇ ಮಾತಾಡುವ ಚೊಕ್ಕ ವಿಡಿಯೊಗೆ ಝೂಮ್ ಕೇಳುವುದು ಸೆಕೆಂಡಿಗೆ ಸುಮಾರು 600 ಕಿಲೊಬಿಟ್. ಬರೀ ದನಿಗೆ 60ರಿಂದ 80 ಸಾಕು. ಈ ಲೆಕ್ಕ ತಿಳಿದವರು ಚಿತ್ರ ತಡವರಿಸತೊಡಗಿದ ಕೂಡಲೇ ‘ಸರ್, ಕ್ಯಾಮೆರಾ ಒಂದು ನಿಮಿಷ ಬಂದ್ ಮಾಡಲೇ? ದನಿ ಸ್ಪಷ್ಟ ಬರುತ್ತದೆ’ ಎಂದು ತಾವೇ ಕೇಳುತ್ತಾರೆ. ತಿಳಿಯದವರು ಹೆಪ್ಪುಗಟ್ಟಿದ ಮುಖ ಹೊತ್ತು ‘ಹಲೋ, ಕೇಳಸ್ತದೇನ್ರಿ?’ ಎನ್ನುತ್ತ ಕೂರುತ್ತಾರೆ. ಕರೆಂಟಿನ ಮಾತು ಬೇರೆ. ಜೆಸ್ಕಾಂ ಯಾವಾಗ ತೆಗೆಯುತ್ತದೆ, ಯಾವಾಗ ಕೊಡುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಕರೆಂಟು ಹೋದರೆ ಮನೆಯ ರೌಟರ್ ಸಾಯುತ್ತದೆ, ಮೊಬೈಲ್ ಟವರು ಬ್ಯಾಟರಿಯ ಮೇಲೆ ಸ್ವಲ್ಪ ಹೊತ್ತು ಬದುಕಿರುತ್ತದೆ ಎಂಬುದನ್ನು ನೆನಪಿಟ್ಟರೆ ಸಾಕು. ಇನ್ನು ಹೊರಗಿನ ಸದ್ದು. ಗಂಗಾವತಿಯಲ್ಲಿ ಅಕ್ಕಿ ಗಿರಣಿ, ಭತ್ತದ ಲಾರಿ. ಕುಷ್ಟಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50ರ ಹಾರ್ನು. ಕೊಪ್ಪಳದಲ್ಲಿ ಗವಿಮಠದ ಜಾತ್ರೆಯ ದಿನಗಳಾದರೆ ಊರಿಗೆ ಊರೇ ಮೈಕು. ಫ್ಯಾನಿನಂಥ ಒಂದೇ ಸಮನೆ ಬರುವ ಸದ್ದನ್ನು ತಂತ್ರಾಂಶ ಸೋಸಬಲ್ಲದು. ಪಕ್ಕದ ಖೋಲಿಯ ಮಾತನ್ನು ಸೋಸುವುದು ಅದಕ್ಕೆ ಕಷ್ಟ, ಏಕೆಂದರೆ ಅದೂ ಮನುಷ್ಯರ ಮಾತೇ.

ಇದಕ್ಕೆ ಆಕ್ಷೇಪ ಬರುವುದು ಎರಡು ದಿಕ್ಕಿನಿಂದ. ಮೊದಲನೆಯದು ಹಿರಿಯರದು: ಪ್ರತಿಭೆ ಇದ್ದವನು ಎಲ್ಲಿ ಕೂತರೂ ಗೆಲ್ಲುತ್ತಾನೆ, ಬೀದಿ ದೀಪದಡಿ ಓದಿ ದೊಡ್ಡವರಾದವರಿಲ್ಲವೇ? ಇದ್ದಾರೆ. ಆದರೆ ಬೀದಿ ದೀಪದಡಿ ಓದಿದವರು ಪರೀಕ್ಷೆ ಬರೆದದ್ದು ಎಲ್ಲರ ಜೊತೆ ಅದೇ ಹಾಲಿನಲ್ಲಿ, ಅದೇ ಬೆಂಚಿನ ಮೇಲೆ. ಬೀದಿ ದೀಪದಡಿಯೇ ಪರೀಕ್ಷೆ ಬರೆಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ವಿಡಿಯೊ ಸಂದರ್ಶನ ಹೇಳುವುದು ಅದನ್ನೇ. ಎರಡನೆಯದು ಹೆಚ್ಚು ಗಟ್ಟಿಯಾದ ಆಕ್ಷೇಪ: ತಪ್ಪು ತೂಗುವವರದಾದರೆ ತಿದ್ದಿಕೊಳ್ಳಬೇಕಾದವರೂ ಅವರೇ, ಅಭ್ಯರ್ಥಿ ಏಕೆ ಗೋಡೆಗೆ ಕೌದಿ ಕಟ್ಟಬೇಕು? ತಾತ್ವಿಕವಾಗಿ ಇದು ಸರಿ. ಎಲ್ಲರಿಗೂ ಅವೇ ಪ್ರಶ್ನೆ ಕೇಳಿ, ಉತ್ತರಕ್ಕೆ ಮೊದಲೇ ಗೊತ್ತುಮಾಡಿದ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ, ಹರಟೆಯಂತೆ ಸಾಗುವ ಸಂದರ್ಶನಕ್ಕಿಂತ ಬಹಳ ನಂಬಿಕೆಯದೆಂದು ಮನಶ್ಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಕೇಂದ್ರ ಸರ್ಕಾರವಂತೂ ಕೆಳಹಂತದ ಹುದ್ದೆಗಳಿಗೆ ಸಂದರ್ಶನವೇ ಬೇಡವೆಂದು 2016ರ ಜನವರಿ 1ರಿಂದ ಕೈಬಿಟ್ಟಿತು. ಖಾಸಗಿ ಕಂಪನಿಗೆ ಅಂಥ ಕಟ್ಟಿಲ್ಲ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ಕೊಟ್ಟ ಮೀಸಲಾತಿ ಸರ್ಕಾರಿ ನೌಕರಿಯ ಬಾಗಿಲವರೆಗೆ ಬರುತ್ತದೆ, ಬೆಂಗಳೂರಿನ ಕಂಪನಿಯವನ ಲ್ಯಾಪ್‌ಟಾಪಿನವರೆಗೆ ಬರುವುದಿಲ್ಲ. ಅವನು ತಿದ್ದಿಕೊಳ್ಳಲಿ ಎಂದು ಒತ್ತಾಯಿಸೋಣ. ಮುಂದಿನ ಮಂಗಳವಾರ ಸಂದರ್ಶನವಿದ್ದವರು ಅಷ್ಟರೊಳಗೆ ಕೌದಿ ಕಟ್ಟಲಿ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೋಚಿಂಗ್ ಕ್ಲಾಸಿನವರದಕ್ಕೆ ವಿರುದ್ಧ. ‘ನಿಮ್ಮ ಹಳ್ಳಿ ಟೋನ್ ಬಿಡಬೇಕು’ ಎಂಬುದು ಅವರ ಮೊದಲ ಪಾಠ. ಈ ನಾಡಿನವರಿಗೆ ಪರಭಾಷೆಯಲ್ಲಿ ನೌಕರಿ ಕೇಳುವುದು ಹೊಸದಲ್ಲ. 1948ರವರೆಗೆ ಕೊಪ್ಪಳ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್ ಜಂಗನ ಜಹಗೀರು. ಕಚೇರಿಯ ಭಾಷೆ ಉರ್ದು, 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲಿ. ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಆ ಆಡಳಿತದೊಳಗೇ ಅಧಿಕಾರಿಯಾಗಿ, ಮುಂದೆ ಐಎಎಸ್ ದರ್ಜೆಗೇರಿ, ಬರೆದದ್ದು ಮಾತ್ರ ಕನ್ನಡ ಕವಿತೆ, ವಚನ. ಉರ್ದು ಕಲಿಯುವುದಕ್ಕೆ ತಮ್ಮೂರಿನ ದನಿ ಅಳಿಸಿಕೊಳ್ಳಬೇಕೆಂದು ಅಂಥವರಿಗೆ ಅನ್ನಿಸಿರಲಾರದು. ಇನ್ನೂ ಹಿಂದೆ ಹೋದರೆ 9ನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿನ ಸೀಮೆಯನ್ನು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ಅದು ಇಂದಿನ ಕೊಪ್ಪಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಇದರಿಂದ ಯಾರಿಗೂ ನೌಕರಿ ಸಿಗುವುದಿಲ್ಲ ಎಂದು ನಗಬಹುದು, ನಗಿರಿ. ದನಿ ಅಳಿಸಲು ಹೊರಟವರು ಮಾಡುವ ತಪ್ಪು ಬೇರೆಯೇ ಇದೆ: ನಕಲಿ ಉಚ್ಚಾರದ ಮೇಲೆ ಗಮನವಿಟ್ಟವರು ವೇಗ ಹೆಚ್ಚಿಸುತ್ತಾರೆ, ವಾಕ್ಯದ ಕೊನೆ ನುಂಗುತ್ತಾರೆ. ಆ ಕಡೆಯವರಿಗೆ ಬೇಕಾದದ್ದು ಬಿಡಿಸಿ ಆಡಿದ ಮಾತು. ಬಾಯಿಪಾಠದ ಉತ್ತರವೂ ಹೀಗೆಯೇ ಸಿಕ್ಕಿಬೀಳುತ್ತದೆ. ಪರದೆಯ ಮೇಲೆ ಬರೆದಿಟ್ಟುಕೊಂಡು ಓದುವವರ ಕಣ್ಣು ಎಡದಿಂದ ಬಲಕ್ಕೆ ಹೊಲ ಉಳುವ ಎತ್ತಿನಂತೆ ಸಾಗುವುದು ಕ್ಯಾಮೆರಾದಲ್ಲಿ ಎದ್ದು ಕಾಣುತ್ತದೆ.

ಇತ್ತೀಚೆಗೆ ಕೆಲವು ಸಂದರ್ಶನಗಳಲ್ಲಿ ಆ ಕಡೆ ಮನುಷ್ಯರೇ ಇರುವುದಿಲ್ಲ. ಪ್ರಶ್ನೆ ಪರದೆಯ ಮೇಲೆ ಬರುತ್ತದೆ, ಉತ್ತರ ಮುದ್ರಣವಾಗುತ್ತದೆ, ಯಂತ್ರ ಮೊದಲ ಜರಡಿ ಹಿಡಿಯುತ್ತದೆ. ಯಂತ್ರ ನಗುಮುಖಕ್ಕೆ ಅಂಕ ಕೊಡುತ್ತದೆಂಬ ಭಯದಲ್ಲಿ ಹಲ್ಲು ಕಿರಿದು ಕೂರುವವರಿದ್ದಾರೆ. ಈ ವ್ಯಾಪಾರದಲ್ಲಿ ಹೆಸರುವಾಸಿಯಾದ ಅಮೆರಿಕದ ಹೈರ್‌ವ್ಯೂ ಕಂಪನಿ ಮುಖ ವಿಶ್ಲೇಷಣೆಯನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲೇ ಪ್ರಕಟಿಸಿತು. ಉಳಿದದ್ದು ಮಾತು, ಆ ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ. ಆ ಯಂತ್ರವೂ ನಿಷ್ಪಕ್ಷಪಾತಿಯಲ್ಲ. 2020ರಲ್ಲಿ ಸ್ಟ್ಯಾನ್‌ಫೋರ್ಡಿನವರು ಐದು ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದಾಗ ಅಮೆರಿಕದ ಬಿಳಿಯರ ನೂರು ಪದಗಳಲ್ಲಿ ಸರಾಸರಿ 19 ತಪ್ಪಿದರೆ ಕರಿಯರ ನೂರರಲ್ಲಿ 35 ತಪ್ಪಿದ್ದವು. ಅಮೆರಿಕದಲ್ಲೇ ಹುಟ್ಟಿ ಇಂಗ್ಲಿಷನ್ನೇ ಆಡುವವರ ಪಾಡಿದು. ನಮ್ಮ ದನಿಗೆ ಪ್ರತಿಧ್ವನಿ, ಫ್ಯಾನು, ದೂರದ ಮೈಕು ಸೇರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡಬೇಕು. ಸಂದರ್ಶನ ಮುಗಿದ ಮೇಲೆ ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಠೇವಣಿ ಎಂದು ದುಡ್ಡು ಕೇಳಿದರೆ ಅದು ಸಂದರ್ಶನವಲ್ಲ, ವಂಚನೆ. ದುಡ್ಡು ಹೋಗಿದ್ದರೆ ಕೂಡಲೇ ತಿರುಗಿಸಬೇಕಾದ ನಂಬರು 1930.

ಖೋಲಿ ಯಾರ ಪಾಲಿಗೆ ಸಿಗುತ್ತದೆ ಎಂಬುದು ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ. ಎರಡು ಖೋಲಿಯ ಮನೆಯಲ್ಲಿ ಆರು ಜನ. ಮಗನ ಇಂಟರ್‌ವ್ಯೂ ಇದ್ದರೆ ಟಿ.ವಿ. ಬಂದ್ ಆಗುತ್ತದೆ, ಮಕ್ಕಳನ್ನು ಹೊರಗೆ ಕಳಿಸುತ್ತಾರೆ, ಮಿಕ್ಸರು ಸುಮ್ಮನಾಗುತ್ತದೆ. ಸೊಸೆಯ ಇಂಟರ್‌ವ್ಯೂ ಇದ್ದರೆ? ನಡುವೆಯೇ ಬಾಗಿಲು ತಟ್ಟಿ ‘ಯವ್ವಾ, ಹಾಲು ಎಲ್ಲಿಟ್ಟಿ?’ ಎಂದು ಅತ್ತೆ ಕೇಳುವುದು ದುರುದ್ದೇಶದಿಂದಲ್ಲ; ಒಳಗೆ ಬಾಗಿಲು ಹಾಕಿಕೊಂಡು ಒಬ್ಬಳೇ ಮಾತಾಡುವುದು ಕೆಲಸವೆಂದು ಆ ಮನೆಗೆ ಇನ್ನೂ ರೂಢಿಯಾಗಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಬೆಂಗಳೂರಿನವರೆಗೂ ಬಿಟ್ಟಿ ಪ್ರಯಾಣ ಕೊಟ್ಟಿತು. ಆದರೆ ಬೆಂಗಳೂರಿಗೆ ಹೋಗಿಬರುವುದಕ್ಕಿಂತ ತನ್ನದೇ ಮನೆಯಲ್ಲಿ ಒಂದು ತಾಸು ಬಾಗಿಲು ಹಾಕಿಕೊಳ್ಳುವುದು ಕೆಲವರಿಗೆ ಕಷ್ಟದ್ದು. ಮನೆಯಿಂದಲೇ ಮಾಡುವ ಕೆಲಸ ಹೆಣ್ಣುಮಕ್ಕಳಿಗೆ ವರ ಎನ್ನುವವರು ಈ ಬಾಗಿಲನ್ನು ಮರೆತಿರುತ್ತಾರೆ.

ಹಾಗಾಗಿ ಖೋಲಿ ಮನೆಯ ಹೊರಗೂ ಇರಬೇಕು, ಊರಿನದಾಗಿರಬೇಕು. ಹೊಸದಾಗಿ ಕಟ್ಟುವ ಮಾತಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು, ಈಗ ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್, ಇಂಟರ್ನೆಟ್ ಬಂದಿವೆ. ಊರಿನಲ್ಲಿ ‘ನಿಶ್ಶಬ್ದವಾಗಿರಿ’ ಎಂದು ಬೋರ್ಡು ಹಾಕಿಕೊಂಡ ಸರ್ಕಾರಿ ಜಾಗ ಅದೊಂದೇ. ಅದರ ಒಂದು ಮೂಲೆಗೆ ಬಾಗಿಲು, ಎರಡು ಕೌದಿ, ಮುಖಕ್ಕೆ ಬೆಳಕು ಬೀಳುವ ಒಂದು ಬಲ್ಬು, ವೈರಿನ ಹೆಡ್‌ಸೆಟ್, ರೌಟರಿಗೆ ಸಣ್ಣ ಯುಪಿಎಸ್ಸು, ಯಾರ ಸರದಿ ಯಾವಾಗೆಂದು ಬರೆಯುವ ಒಂದು ನೋಟ್‌ಬುಕ್ಕು ಇಷ್ಟು ಸಾಕು. ಗ್ರಂಥಾಲಯ ಓದುವುದಕ್ಕೆ, ಕಂಪನಿಯ ಚಾಕರಿಗಲ್ಲ ಎನ್ನುವವರಿಗೆ ಒಂದು ಮಾತು. ಅಲ್ಲಿ ದಿನಾ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಓದುತ್ತಿರುವುದೂ ನೌಕರಿಗಾಗಿಯೇ. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಿಂದ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವ ಮನೆಗಳಲ್ಲಿ ಒಬ್ಬರಾದರೂ ಊರಲ್ಲೇ ಕೂತು ಸಂಬಳ ತರುವುದಾದರೆ ಅದು ಪಂಚಾಯಿತಿಗೆ ಸಂಬಂಧಪಡದ ಸಂಗತಿಯೇ? ತಾಲ್ಲೂಕು ಕೇಂದ್ರಗಳಲ್ಲಿ ಪದವಿ ಕಾಲೇಜುಗಳಿವೆ, ತಳಕಲ್ಲಿನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವಿದೆ, ಸಾವಿರಾರು ವಿದ್ಯಾರ್ಥಿಗಳಿಗೆ ಅನ್ನ, ವಸತಿ ಕೊಡುವ ಗವಿಮಠವಿದೆ. ಮಧ್ಯಾಹ್ನದ ಮೇಲೆ ಖಾಲಿ ಬೀಳುವ ಖೋಲಿಗಳಿಗೆ ಇವುಗಳಲ್ಲಿ ಬರವಿಲ್ಲ. ನಿಜವಾದ ತೊಡಕು ಹೊತ್ತಿನದು. ಬೆಂಗಳೂರಿನವರು ಸಂಜೆ ಏಳಕ್ಕೆ ಕರೆಯುತ್ತಾರೆ, ಅಮೆರಿಕದ ಗಿರಾಕಿಯ ಕೆಲಸವಾದರೆ ರಾತ್ರಿ ಒಂಬತ್ತಕ್ಕೆ. ಅಷ್ಟು ಹೊತ್ತಿಗೆ ಅರಿವು ಕೇಂದ್ರಕ್ಕೆ ಕೀಲಿ ಬಿದ್ದಿರುತ್ತದೆ. ಕಡಿಮೆ ಗೌರವಧನಕ್ಕೆ ದುಡಿಯುವ ಗ್ರಂಥಾಲಯ ಮೇಲ್ವಿಚಾರಕರನ್ನು ಇನ್ನೆರಡು ತಾಸು ಕೂರಿ ಎಂದು ಬಿಟ್ಟಿ ಕೇಳುವುದು ನ್ಯಾಯವಲ್ಲ. ಸಂಜೆಯ ತಾಸಿಗೆ ಅವರಿಗೆ ಪ್ರತ್ಯೇಕ ದುಡ್ಡು ಕೊಡುವ ಠರಾವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಲು ಒಬ್ಬ ಸದಸ್ಯ ಸಾಕು.